ಗೊಂಬೆಮನೆಯ ಗೋಡೆ ಗಡಿಯಾರ

ಕ್ರಿಸ್‌ಮಸ್ ಹತ್ತಿರವಾದಂತೆ ನಮ್ಮೂರಿನ ಗೊಂಬೆಮನೆಗಳು ಕಾಣೆಯಾಗುತ್ತವೆ. ಬಾಲಯೇಸು ಒಯ್ದಿದ್ದಾನೆ ಎಂದು ಮಕ್ಕಳಿಗೆ ಹೇಳುತ್ತೇವೆ. ಹಬ್ಬದ ಸಂಜೆ ಹೊಸ ಬಣ್ಣ ಬಳಿಸಿಕೊಂಡು ಮರಳುತ್ತವೆ. ನಡುವೆ ನೆಲಮಾಳಿಗೆಯಲ್ಲಿ ಏನು ನಡೆಯುತ್ತದೆಂದು ಗಂಡ ಹೆಂಡತಿಗೂ ಹೇಳಕೂಡದು, ಅವಳೂ ಕೇಳಕೂಡದು. ಈ ಕಟ್ಟುಪಾಡಿನಿಂದಾಗಿ ಎಷ್ಟೋ ಸಂಸಾರಗಳು ಡಿಸೆಂಬರಿನಲ್ಲಾದರೂ ನೆಮ್ಮದಿಯಾಗಿರುತ್ತವೆ.

ಗುಂಡೋಲ್ಫ್‌ಗೆ ಇದು ಮೊದಲ ವರ್ಷ. ಇಷ್ಟು ಕಾಲ ಬಣ್ಣ ಬಳಿಯುತ್ತಿದ್ದ ಮಾವ ತೀರಿಕೊಂಡಿದ್ದರು. ಅಳಿಯ ಬಲು ಅಚ್ಚುಕಟ್ಟು; ಹರಿದ ಲಕೋಟೆಯನ್ನೂ ಮಡಿಸಿಯೇ ಕಸದ ಬುಟ್ಟಿಗೆ ಹಾಕುವವನು. ಗೊಂಬೆಮನೆಯನ್ನು ವಾಷಿಂಗ್ ಸೋಡಾ ನೀರಿನಲ್ಲಿ ಒರೆಸಿದ, ಬಿರುಕುಗಳಿಗೆ ಪುಟ್ಟಿ ತುಂಬಿದ, ಉಪ್ಪುಕಾಗದ ಹಿಡಿದು ಉಜ್ಜಿದ. ಅದರೊಳಗಿನ ಪುಟ್ಟ ಅಡುಗೆಮನೆಯ ಗೋಡೆಯ ಮೇಲೆ ಮಸುಕಾದ ಪೆನ್ಸಿಲ್ ಗೀಚೊಂದಿತ್ತು. ಮಾವ ಪ್ರತಿಸಲವೂ ಅದನ್ನು ಬಿಟ್ಟು ಸುತ್ತ ಬಣ್ಣ ಬಳಿದಿದ್ದರು. ಪಾಪ, ಮುದುಕರಿಗೆ ಕಣ್ಣು ಕಾಣುತ್ತಿರಲಿಲ್ಲ ಎಂದುಕೊಂಡ ಗುಂಡೋಲ್ಫ್ ಅದನ್ನೂ ಉಜ್ಜಿ ತೆಗೆದು, ಮೇಲೆ ಎರಡು ಕೋಟು ಬಿಳಿ ಬಳಿದ.

ಆಗ ಅತ್ತೆ ಕ್ರೆಸೆನ್ಸಿಯಾ ಕಾಫಿ ಹಿಡಿದು ಇಳಿದು ಬಂದರು. ಅತ್ತೆಯಂದಿರಿಗೆ ಕಟ್ಟುಪಾಡು ಅನ್ವಯಿಸುವುದಿಲ್ಲ.

“ಗಡಿಯಾರ ಎಲ್ಲಪ್ಪಾ?”

“ಯಾವ ಗಡಿಯಾರ ಅತ್ತೆ?”

“ಗೋಡೆ ಮೇಲಿತ್ತಲ್ಲ. ನಮ್ಮ ಫೋಲ್ಕ್‌ಮಾರ್ ಬರೆದಿದ್ದು.”

ಫೋಲ್ಕ್‌ಮಾರ್ ಎಂದರೆ ಗುಂಡೋಲ್ಫ್‌ನ ಹೆಂಡತಿ ರೋಸ್ವಿತಾಳ ಅಣ್ಣ, ಚಿಕ್ಕಂದಿನಲ್ಲೇ ಜ್ವರದಲ್ಲಿ ಹೋದವನು. ತಂಗಿಯ ಗೊಂಬೆಗಳು ಶಾಲೆಗೆ ತಡವಾಗಬಾರದೆಂದು ಗಡಿಯಾರ ಬರೆದುಕೊಟ್ಟಿದ್ದ. ಅವನ ಕೈಬರಹವೆಲ್ಲ ಯುದ್ಧದಲ್ಲಿ ಬಾಂಬಿನ ಪಾಲಾಗಿ, ಉಳಿದದ್ದು ಅದೊಂದೇ.

ಬ್ರಷ್ಷಿನಿಂದ ಬಿಳಿ ಹನಿಯೊಂದು ಬೂಟಿನ ಮೇಲೆ ಬಿತ್ತು. ಗುಂಡೋಲ್ಫ್ ಒರೆಸಲಿಲ್ಲ.

“ನನಗೆ ಯಾರೂ ಹೇಳ್ಲಿಲ್ಲ.”

“ಕೇಳಿದ್ರೆ ತಾನೆ ಹೇಳೋದು?”

“ಕೇಳಬಾರದಲ್ಲ ಅತ್ತೆ!”

“ಸರಿ, ಸತ್ತವರ ಮನೇಲಿ ಕೂತ ಹಾಗೆ ಕೂರಬೇಡ. ನೀನೇ ಬರಿ. ಒಂದು ಸುತ್ತು, ಎರಡು ಮುಳ್ಳು. ಯಾರಿಗೆ ಗೊತ್ತಾಗುತ್ತೆ?”

ಅವನು ಪೆನ್ಸಿಲ್ ಎತ್ತಿಕೊಂಡ. “ಎಷ್ಟು ಗಂಟೆ ತೋರಿಸ್ತಿತ್ತು?”

“ಅದು... ಏಳೂವರೆ. ಅಲ್ಲ, ತಡಿ...” ಅತ್ತೆ ಆಲೂಗಡ್ಡೆ ಮೂಟೆಯ ಮೇಲೆ ಕುಸಿದು ಕುಳಿತರು. “ವರ್ಷಾ ವರ್ಷ ನೋಡಿದೀನಿ. ಹೆತ್ತವಳು ಕಣೋ ನಾನು.”

ಗುಂಡೋಲ್ಫ್ ಪೆನ್ಸಿಲ್ ಕೆಳಗಿಟ್ಟ. ಕಾಫಿ ಆರಿಹೋಯಿತು.

ಹಬ್ಬದ ಸಂಜೆ, ಬಾಲಯೇಸು ಬಂದುಹೋದನೆಂದು ಗಂಟೆ ಬಾರಿಸಿ ಕೋಣೆಯ ಬಾಗಿಲು ತೆರೆದರು. ಮಗಳು ಅನ್ನೆಗ್ರೇಟ್ ಓಡಿಹೋಗಿ ಗೊಂಬೆಮನೆಯ ಮುಂದೆ ಕೂತಳು. ಹಿಂದಿನಿಂದ ಬಗ್ಗಿ ನೋಡಿದ ರೋಸ್ವಿತಾ ಬಗ್ಗಿದಂತೆಯೇ ಉಳಿದಳು.

“ಅಮ್ಮಾ, ಮಾಮನ ಗಡಿಯಾರ ಇಲ್ಲ!”

ಗುಂಡೋಲ್ಫ್ ಬಾಯಿ ತೆರೆದ. ‘ನಾನು’ ಎಂದಿದ್ದರೆ ಸಾಕಿತ್ತು. ಆದರೆ ಹಾಗೆಂದರೆ ಬಾಲಯೇಸು ಬರಲೇ ಇಲ್ಲವೆಂದಾಗುತ್ತದೆ, ಅದೂ ಹಬ್ಬದ ದಿನ, ಮಗುವಿನ ಮುಂದೆ. ತಪ್ಪು ಒಪ್ಪಿಕೊಳ್ಳುವ ಅವಕಾಶವನ್ನೂ ದೇವರ ಮಗನೇ ಎತ್ತಿಕೊಂಡು ಹೋಗಿದ್ದ.

“ಬಾಲಯೇಸು ಅಳಿಸಿಬಿಟ್ಟ ಕಣೇ,” ಎಂದಳು ರೋಸ್ವಿತಾ, ಗಂಡನನ್ನೇ ನೋಡುತ್ತ. “ಅವನಿಗೆ ಗೊತ್ತಿರಲಿಲ್ಲ ಅನ್ಸುತ್ತೆ.”

“ನೀನು ಬೈಯಲ್ವಾ?”

“ಬಾಲಯೇಸುಗೆ ಯಾರಾದ್ರೂ ಬೈತಾರಾ?”

ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಗುಂಡೋಲ್ಫ್‌ನ ತಟ್ಟೆಯ ಸಾಸೇಜು ಮುಟ್ಟದೆ ಉಳಿಯಿತು. ಅತ್ತೆ ತಲೆ ತಗ್ಗಿಸಿ ಎದುರಿಗೇ ಇದ್ದ ಅರೆದ ಸಾಸಿವೆಯ ಬಟ್ಟಲನ್ನು ಹುಡುಕುತ್ತಿದ್ದರು.

ತಟ್ಟೆ ಎತ್ತುವಾಗ ರೋಸ್ವಿತಾ ಅವನ ಕಿವಿಯ ಬಳಿ ಬಗ್ಗಿದಳು. “ಎಂಟಕ್ಕೆ ಹತ್ತು ನಿಮಿಷ ಇತ್ತು. ಮುಳ್ಳು ಎರಡೂ ಒಂದೇ ಉದ್ದ. ಅಣ್ಣನಿಗೆ ಅಷ್ಟೇ ಬರ್ತಿದ್ದಿದ್ದು. ನೀನು ಬರೀಬೇಡ.”

ಅವನು ತಲೆಯಾಡಿಸಿದ.

ಮೇಜಿನ ಆ ಕಡೆಯಿಂದ ಅತ್ತೆಯ ದನಿ ಬಂತು, ತೀರ ಮೆಲ್ಲಗೆ. “ಎಷ್ಟು ಅಂದೆ ಮಗಳೇ? ಇನ್ನೊಂದ್ಸಲ ಹೇಳು.”