ನೊರೆಗೆ ಸೊನ್ನೆ

ನಮ್ಮಜ್ಜಿ ಸಾತುರ್ನಿನಾ ತನ್ನ ಗಿನಿಹಂದಿಗಳ ಕೋಣೆಯನ್ನು ನೀಲ್ದಕ್ಕನಿಗೆ ಬಿಟ್ಟುಕೊಟ್ಟದ್ದು ಪ್ರೀತಿಯಿಂದಲ್ಲ, ಪೀಡೆ ತೊಲಗಲಿ ಎಂದು. ಅಕ್ಕ ಕುಸ್ಕೊದಿಂದ ಎರಡು ಉಕ್ಕಿನ ಹಂಡೆ, ಒಂದು ಥರ್ಮಾಮೀಟರು, ಮೂರು ಮಾರು ರಬ್ಬರ್ ಕೊಳವೆ ಹೊತ್ತು ತಂದು, "ಬಿಯರ್ ಮಾಡ್ತೀನಿ, ಜಾಗ ಕೊಡು" ಎಂದು ಹನ್ನೊಂದು ದಿನ ಅಡುಗೆಮನೆಯ ಬಾಗಿಲಿಗೇ ಅಂಟಿಕೊಂಡಿದ್ದಳು. ಹನ್ನೆರಡನೆಯ ದಿನ ಅಜ್ಜಿ ಹಿತ್ತಲ ಕೋಣೆಯ ಚಿಲಕ ತೆಗೆದು, ಅಲ್ಲಿದ್ದ ಮೂವತ್ತು ಚಿಲ್ಲರೆ ಗಿನಿಹಂದಿಗಳನ್ನು ಲಂಗದ ಮಡಿಲಲ್ಲಿ ತುಂಬಿಕೊಂಡು ಬಂದು ಒಲೆಯ ಪಕ್ಕಕ್ಕೆ ಸುರಿದಳು. ಅಂದಿನಿಂದ ನಮ್ಮ ಅಡುಗೆಮನೆಯಲ್ಲಿ ಎಲ್ಲಿ ಕಾಲಿಟ್ಟರೂ ನೆಲ ಕುಂಯ್ ಎನ್ನುತ್ತಿತ್ತು.

ಅಜ್ಜಿ ನಮ್ಮೂರು ಕಾಲ್ಕಾದಲ್ಲಿ ನಲವತ್ತು ವರ್ಷ ಚಿಚಾ ಎಂಬ ಜೋಳದ ಹೆಂಡ ಕಾಸಿದವಳು. ಮೆಕ್ಕೆಜೋಳ ಮೊಳೆಯಿಸಿ, ಕುದಿಸಿ, ಮಡಕೆಯಲ್ಲಿ ಹುಳಿ ಬರಿಸಿ, ಹೆಂಡ ತಯಾರೆಂದು ಬಾಗಿಲಲ್ಲಿ ಕೋಲಿಗೊಂದು ಕೆಂಪು ಚೀಲ ಕಟ್ಟಿದಳೆಂದರೆ ಪಾದ್ರಿಯ ಪ್ರಾರ್ಥನೆ ಕೂಡ ಅವತ್ತು ಹತ್ತು ನಿಮಿಷ ಮೊದಲೇ ಮುಗಿಯುತ್ತಿತ್ತು. ಬಿಯರ್ ಎಂದರೆ ಅವಳಿಗೆ ಕಾರ್ಖಾನೆಯವರು ಬಾಟಲಿಗೆ ತುಂಬಿ ಕಳಿಸುವ ಕತ್ತೆಯ ಉಚ್ಚೆ. ಅದನ್ನು ಮನೆಯಲ್ಲೇ, ಅದೂ ಮೊಮ್ಮಗಳು, ಅದೂ ಥರ್ಮಾಮೀಟರು ಇಟ್ಟುಕೊಂಡು ಮಾಡುವುದೆಂದರೆ!

"ಜ್ವರ ಬಂದಿದೆಯೇನೇ ಅದಕ್ಕೆ?" ಎಂದು ಹಂಡೆಯ ಕಡೆ ಗದ್ದ ತೋರಿಸಿ ಕೇಳುತ್ತಿದ್ದಳು.

ಕಣಿವೆಯ ಸಣ್ಣ ಬಿಯರ್ ಮನೆಗಳಿಗೆಲ್ಲ ಪುರಸಭೆಯವರು ರುಚಿ ನೋಡಿ ಅಂಕ ಕೊಡುವ ಸ್ಪರ್ಧೆ ಏರ್ಪಡಿಸಿದ್ದಾರೆಂದು ಸುದ್ದಿ ಬಂದ ದಿನ ಅಜ್ಜಿ ಒಲೆಯ ಮುಂದೆ ನಿಂತು ತೀರ್ಪು ಹೇಳಿದಳು.

"ಐವತ್ತಕ್ಕೆ ನಲವತ್ತು ತಗೊಂಡ್ರೆ ಕೋಣೆ ನಿಂದು ಕಣೆ ನೀಲ್ದಾ. ಮೂವತ್ತೊಂಬತ್ತೂವರೆ ಬಂದ್ರೂ ಸೋಮವಾರ ನನ್ನ ಹಂದಿಗಳು ಒಳಗೆ, ನಿನ್ನ ಹಂಡೆಗಳು ಹೊರಗೆ."

"ಮೊದಲನೇ ಬಹುಮಾನ ಬಂದ್ರೆ?"

"ಅದನ್ನ ಗೋಡೆಗೆ ಹಾಕ್ಕೋ. ನಾನು ಕೇಳಿದ್ದು ನಲವತ್ತು."

ಅಕ್ಕ ಒಪ್ಪಿಕೊಂಡಳು. ಅವಳಿಗೆ ತನ್ನ ಬಿಯರಿನ ನೊರೆಯ ಮೇಲೆ ಅಷ್ಟು ಭರವಸೆ. ಬಾರ್ಲಿಯ ಜೊತೆ ಹುರಿದ ರಾಜಗಿರಿ ಕಾಳು ಹಾಕಿ ಅವಳು ಮಾಡಿದ್ದನ್ನು ಲೋಟಕ್ಕೆ ಬಗ್ಗಿಸಿದರೆ ಮೇಲೆ ಎರಡು ಬೆರಳು ದಪ್ಪ ನೊರೆ ಕೂರುತ್ತಿತ್ತು. ಕೂತರೆ ಏಳುತ್ತಿರಲಿಲ್ಲ, ನೆಂಟರ ಮನೆಗೆ ಬಂದ ಚಿಕ್ಕಪ್ಪನ ಹಾಗೆ. ಗಡಿಯಾರ ಹಿಡಿದು ನೋಡಿದ್ದಳು: ಹನ್ನೊಂದು ನಿಮಿಷ. ನಾನು ಅದರ ಮೇಲೊಂದು ಬೆಂಕಿಕಡ್ಡಿ ನಿಲ್ಲಿಸಿದ್ದೆ, ಅದೂ ನಿಂತಿತ್ತು.

ನನಗೆ ಆ ನೊರೆ ನೋಡಿದಾಗಲೆಲ್ಲ ಅಜ್ಜಿ ಹೇಳುತ್ತಿದ್ದ ಕತೆ ನೆನಪಾಗುತ್ತಿತ್ತು. ಬೆಟ್ಟಗಳು ಸಂಜೆ ಹೊತ್ತು ಸುತ್ತಲೂ ಕೂತು ಕುಡಿಯುತ್ತವಂತೆ. ಒಂದೇ ಲೋಟ, ಒಂದರ ಕೈಯಿಂದ ಇನ್ನೊಂದರ ಕೈಗೆ. ಕುಡಿದ ಮೇಲೆ ತಳದ ನೊರೆಯನ್ನು ಕೊಡವುತ್ತವೆ, ಅದೇ ನಮ್ಮ ಕಣಿವೆಯ ಮಂಜು. ಯಾವುದೋ ಒಂದು ಜಿಪುಣ ಬೆಟ್ಟ ನೊರೆಯನ್ನೂ ನೆಕ್ಕಿಬಿಟ್ಟಿತಂತೆ. ಅದರ ಬುಡದಲ್ಲಿ ಇವತ್ತಿಗೂ ಮಂಜು ಇಳಿಯುವುದಿಲ್ಲ, ಆಲೂಗಡ್ಡೆಯೂ ಬೆಳೆಯುವುದಿಲ್ಲ. ಅಲ್ಲಿನ ಜನರನ್ನು ಕಂಡರೆ ನನಗೆ ಚಿಕ್ಕಂದಿನಲ್ಲಿ ಅಯ್ಯೋ ಅನ್ನಿಸುತ್ತಿತ್ತು.

ಸ್ಪರ್ಧೆಯ ದಿನ ಪುರಸಭೆಯ ಸಭಾಂಗಣದ ಕೆಂಪು ಗಾರೆ ನೆಲಕ್ಕೆ ಮೇಣ ತಿಕ್ಕಿ ಹೊಳೆಯಿಸಿದ್ದರು. ಐದು ಬಿಯರ್, ಐದು ದೊಡ್ಡ ಬಾಟಲಿ. ಯಾರದು ಯಾವುದೆಂದು ತಿಳಿಯದ ಹಾಗೆ ಹಳೆ ಪತ್ರಿಕೆ ಸುತ್ತಿ ನಂಬರು ಬರೆಯುವ ಕೆಲಸ ನನ್ನದು. ಅಕ್ಕನದು ನಾಲ್ಕು. ನಾನು ಬಾಯಿ ಬಿಟ್ಟರೆ ಅಕ್ಕ ಅನರ್ಹ ಎಂದು ಕಾರ್ಯದರ್ಶಿ ನನ್ನ ಕೈಯಲ್ಲಿ ಸಹಿ ಹಾಕಿಸಿಕೊಂಡಿದ್ದ.

ಮೂವರು ತೀರ್ಪುಗಾರರು ಬರಬೇಕಿತ್ತು. ಬಿಯರ್ ರುಚಿ ನೋಡುವುದರಲ್ಲಿ ಪ್ರಮಾಣಪತ್ರ ಪಡೆದ ದೋನ್ ಗೊನ್ಸಾಲೊ ಲೀಮಾದಿಂದ ಬಂದರು. ನಮ್ಮೂರಿನ ನಿವೃತ್ತ ಗಣಿತದ ಮೇಷ್ಟ್ರು ಲಿಸಾಂದ್ರೊ ಬಂದರು. ಮೂವತ್ತು ವರ್ಷದಲ್ಲಿ ಒಬ್ಬರಿಗೂ ಇಪ್ಪತ್ತಕ್ಕೆ ಇಪ್ಪತ್ತು ಕೊಡದವರು. ಮೂರನೆಯವರು ಬರಲಿಲ್ಲ. ಅಷ್ಟರಲ್ಲಿ ಮುಷ್ಕರದವರು ರಸ್ತೆಗೆ ಬಂಡೆ ಉರುಳಿಸಿದ್ದರು. ಕಾರ್ಯದರ್ಶಿ ಕಂಗಾಲಾಗಿ ಬೀದಿಗಿಳಿದವನು ಮೊದಲು ಕಣ್ಣಿಗೆ ಬಿದ್ದ ನಮ್ಮಜ್ಜಿಯನ್ನೇ ಕರೆತಂದ.

"ಮಮಾ ಸಾತು, ನಿಮ್ಮ ನಾಲಿಗೆಗಿಂತ ದೊಡ್ಡ ಪ್ರಮಾಣಪತ್ರ ಬೇಕಾ?"

ಅಕ್ಕ ನನ್ನ ತೋಳು ಹಿಡಿದೆಳೆದಳು. "ಅಜ್ಜಿಗೆ ಬಿಯರ್ ಕಂಡ್ರೇ ಆಗಲ್ಲ!" ಎಂದು ನನ್ನ ಕಿವಿಯಲ್ಲಿ ಉಸುರಿದಳು. ಆಮೇಲೆ ಕಾರ್ಯದರ್ಶಿ ಬಿಯರ್ ಮಾಡಿದವರನ್ನೆಲ್ಲ ಅಂಗಳಕ್ಕೆ ಅಟ್ಟಿ ಬಾಗಿಲು ಹಾಕಿದ. ಬಾಟಲಿ ಎತ್ತಿಕೊಡಲು ನಾನು ಒಳಗೇ ಉಳಿದೆ.

ದೋನ್ ಗೊನ್ಸಾಲೊ ನಿಯಮ ಓದಿ ಹೇಳಿದರು. ಬಣ್ಣಕ್ಕೆ ಹತ್ತು, ವಾಸನೆಗೆ ಹತ್ತು, ರುಚಿಗೆ ಹತ್ತು, ಇನ್ನೊಂದು ಲೋಟ ಬೇಕೆನಿಸಿದರೆ ಅದಕ್ಕೆ ಹತ್ತು. ಬಗ್ಗಿಸಿ ಮೂರು ನಿಮಿಷದ ಮೇಲೆ ಲೋಟದಲ್ಲಿ ಎಷ್ಟು ನೊರೆ ಉಳಿದಿದೆ ಎಂದು ನೋಡಿ ನೊರೆಗೆ ಹತ್ತು. ಇಷ್ಟು ಹೇಳುವಷ್ಟರಲ್ಲಿ ಅವರ ತುಟಿ ನೀಲಿಯಾಗಿತ್ತು. ಸಮುದ್ರದ ಮಟ್ಟದಿಂದ ಬೆಳಿಗ್ಗೆ ತಾನೇ ಮೇಲೆ ಬಂದವರು; ಬೆಟ್ಟದ ಮೇಲಿನ ನಮ್ಮೂರ ತೆಳು ಗಾಳಿ ಅವರ ತಲೆ ಹಿಡಿದು ತಿರುಗಿಸುತ್ತಿತ್ತು. ಕಾರ್ಯದರ್ಶಿ ಕೋಕಾ ಎಲೆಯ ಕಷಾಯ ಕುಡಿಸಿ ಬೆಂಚಿನ ಮೇಲೆ ಮಲಗಿಸಿದ.

"ನೀವಿಬ್ಬರೇ... ಶುರು ಮಾಡಿ..." ಎಂದು ಕಣ್ಣು ಮುಚ್ಚಿದರು.

ಮೇಜಿನ ಮೇಲೆ ಹೂವಿನಂತಹ ಸಣ್ಣ ಸಣ್ಣ ಲೋಟಗಳು, ಪಕ್ಕದಲ್ಲಿ ಉಗುಳಲು ಬಕೆಟ್ಟು. ಅಜ್ಜಿ ಲೋಟಗಳನ್ನು ನೋಡಿದಳು, ಮೇಷ್ಟ್ರನ್ನು ನೋಡಿದಳು.

"ಮೇಷ್ಟ್ರೇ, ನಿಮಗೇನಾದ್ರೂ ಕಾಯಿಲೆ ಇದೆಯಾ?"

"ಇಲ್ಲವಲ್ಲ ಮಮಾ ಸಾತು."

"ನನಗೂ ಇಲ್ಲ. ಮತ್ಯಾಕೆ ಬೇರೆ ಬೇರೆ ಲೋಟ?"

ಬಕೆಟ್ಟಿನೊಳಗೆ ತನ್ನ ಕೈಚೀಲ ಇಟ್ಟು, ಒಂದೇ ಒಂದು ಲೋಟ ಉಳಿಸಿಕೊಂಡು, ಮಿಕ್ಕವನ್ನು ಅತ್ತ ಸರಿಸಿದಳು. ನಮ್ಮಲ್ಲಿ ಹತ್ತು ಜನ ಕೂತರೂ ಲೋಟ ಒಂದೇ. ಮೊದಲ ತೊಟ್ಟು ಭೂತಾಯಿ ಪಾಚಮಾಮಾಳಿಗೆ. ಆಮೇಲೆ ಬಗ್ಗಿಸಿಕೊಂಡವರು ಬಾಟಲಿಯನ್ನು ಪಕ್ಕದವರಿಗೆ ಕೊಟ್ಟು, ಕುಡಿದು, ಲೋಟದ ನೊರೆಯನ್ನು ನೆಲಕ್ಕೆ ಕೊಡವಿ, ಲೋಟವನ್ನೂ ದಾಟಿಸಬೇಕು. ನೊರೆ ಸಮೇತ ಲೋಟ ಕೊಡುವವರನ್ನು ಯಾರೂ ಎರಡನೆಯ ಸಲ ಮದುವೆಗೆ ಕರೆಯುವುದಿಲ್ಲ.

ಅಜ್ಜಿ ಹೊಳೆಯುವ ನೆಲದ ಮೇಲೆ ಮೊದಲ ತೊಟ್ಟು ಚೆಲ್ಲಿದಳು. ಕಾರ್ಯದರ್ಶಿ "ಅಯ್ಯೋ, ಮೇಣ!" ಎಂದ.

"ಮೇಣದ ಕೆಳಗೆ ಗಾರೆ, ಗಾರೆಯ ಕೆಳಗೆ ಇನ್ಯಾರಪ್ಪ ಇರೋದು? ಪುರಸಭೆ ಅಧ್ಯಕ್ಷರಾ?"

ಮೊದಲನೆಯದನ್ನು ಕುಡಿದು ಅಜ್ಜಿ ಮುಖ ಹಿಂಡಿದಳು. "ಇದನ್ನ ಮಾಡಿದವನಿಗೆ ಯಾರ ಮೇಲೋ ಹಳೇ ದ್ವೇಷ ಇದೆ. ಇಷ್ಟು ಕಹಿ ಸುಮ್ಮನೆ ಬರಲ್ಲ." ನೊರೆ ನೆಲಕ್ಕೆ. ಎರಡನೆಯದರಲ್ಲಿ ಸ್ಟ್ರಾಬೆರಿ ಇತ್ತು. "ಮಕ್ಕಳಿಗೆ ಕೆಮ್ಮು ಬಂದ್ರೆ ಕೊಡಬಹುದು," ಎಂದರು ಮೇಷ್ಟ್ರು. ನೊರೆ ನೆಲಕ್ಕೆ. ಮೂರನೆಯದು ಕಪ್ಪಗಿತ್ತು. "ಪಾದ್ರಿಯ ನಿಲುವಂಗಿ ಹಿಂಡಿದ ನೀರು. ಅದೂ ದೊಡ್ಡ ಹಬ್ಬದ ನಿಲುವಂಗಿ," ಎಂದಳು ಅಜ್ಜಿ. ಅದರ ನೊರೆಯೂ ನೆಲಕ್ಕೆ. ಒಂದೊಂದು ಬಾಟಲಿ ತಳ ಕಾಣುವ ತನಕ ಲೋಟ ಆಚೆ ಈಚೆ ಓಡಾಡುತ್ತಿತ್ತು. ಆಮೇಲೆ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, ಗಡಿಯಾರ ನೋಡಿ, ಲೋಟದೊಳಗೆ ಇಣುಕಿ ಪ್ರಾಮಾಣಿಕವಾಗಿ ಬರೆಯುತ್ತಿದ್ದರು: ನೊರೆ, ಸೊನ್ನೆ.

ನೊರೆ ನೆಲದ ಮೇಲಿದೆ ಎಂದು ನನಗೆ ಕೂಗಬೇಕೆನಿಸಿತು. ಕೂಗಿದರೆ ಅನರ್ಹ.

ನಾಲ್ಕನೆಯದು ಬಂತು. ಅಜ್ಜಿ ತೊಟ್ಟು ಚೆಲ್ಲಿದಳು, ಬಗ್ಗಿಸಿಕೊಂಡಳು, ಕುಡಿದಳು. ಈ ಸಲ ಮುಖ ಹಿಂಡಲಿಲ್ಲ. ನೊರೆ ಕೊಡವಿದರೆ ಅದು ಲೋಟ ಬಿಡಲೊಲ್ಲದು. ಎರಡು ಸಲ ಕೊಡವಿದಳು. ಮೇಷ್ಟ್ರು ಕುಡಿದು ತುಟಿ ಸವರಿಕೊಂಡರು. ಲೋಟ ಮತ್ತೆ ಅಜ್ಜಿಯ ಕೈಗೆ ಬಂತು, ಮತ್ತೆ ಹೋಯಿತು. ಬಾಟಲಿ ಮುಗಿದಾಗ ಮೇಷ್ಟ್ರು ಅದನ್ನು ಬೋರಲು ಹಾಕಿ ಬುಡ ತಟ್ಟಿದರು.

"ರುಚಿಗೆ?" ಎಂದು ಕೇಳಿದರು.

"ನೀವು ಹೇಳಿ."

"ಹತ್ತು ಹಾಕ್ತೀನಿ," ಎಂದು ಮೇಷ್ಟ್ರು ಮೆಲ್ಲಗೆ ಹೇಳಿ, ಯಾರಾದರೂ ಹಳೆಯ ವಿದ್ಯಾರ್ಥಿ ಕೇಳಿಸಿಕೊಂಡರೇನೋ ಎಂಬಂತೆ ಸುತ್ತ ನೋಡಿದರು. "ಇನ್ನೊಂದು ಲೋಟಕ್ಕೂ ಹತ್ತು. ಬಣ್ಣ ಒಂಬತ್ತು, ವಾಸನೆ ಒಂಬತ್ತು. ನೊರೆ..." ಲೋಟದೊಳಗೆ ಇಣುಕಿದರು. "ಸೊನ್ನೆ. ಪಾಪ."

ಐದನೆಯದನ್ನು ಕುಡಿಯುವಾಗ ಇಬ್ಬರಿಗೂ ಮನಸ್ಸಿರಲಿಲ್ಲ. ಅದರ ಬಗ್ಗೆ ಹೇಳುವುದೇನೂ ಇಲ್ಲ.

ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆದು ಕಾರ್ಯದರ್ಶಿ ಓದಿದ. ನಾಲ್ಕನೆಯ ನಂಬರು, ನೀಲ್ದಾ ಕಿಸ್ಪೆ, ಮೂವತ್ತೆಂಟು ಅಂಕ, ಮೊದಲನೇ ಬಹುಮಾನ. ಎರಡನೆಯ ಸ್ಥಾನಕ್ಕೆ ಇಪ್ಪತ್ತೆರಡು. ಚಪ್ಪಾಳೆ ಬಿತ್ತು. ಅಜ್ಜಿ ಕುರ್ಚಿಯಲ್ಲಿ ಅಲುಗಾಡದೆ ಕೂತಳು. ಕುಡಿದದ್ದು ಯಾರದೆಂದು ಅವಳಿಗೆ ತಿಳಿದದ್ದು ಆಗಲೇ.

ಅಕ್ಕ ಬಹುಮಾನದ ಫಲಕ ಮುಟ್ಟಲೂ ಇಲ್ಲ. "ನೊರೆಗೆ ಎಷ್ಟು?" ಎಂದಳು.

"ಸೊನ್ನೆಯಮ್ಮ. ಎಲ್ಲರಿಗೂ ಸೊನ್ನೆ," ಎಂದರು ಮೇಷ್ಟ್ರು. "ಲೋಟದಲ್ಲಿ ಇರಲೇ ಇಲ್ಲ."

"ಹೇಗಿರತ್ತೆ ಮೇಷ್ಟ್ರೇ? ನೆಲದ ಮೇಲೆ ನೋಡಿ!"

ಎಲ್ಲರೂ ನೆಲ ನೋಡಿದರು. ಕೆಂಪು ಗಾರೆಯ ಮೇಲೆ ನಾಲ್ಕು ಕಡೆ ಬರೀ ಒದ್ದೆ ಕಲೆ. ಒಂದು ಕಡೆ ಮಾತ್ರ ಬೆಳ್ಳಗೆ, ದಪ್ಪಗೆ, ಉಣ್ಣೆಯ ಉಂಡೆಯ ಹಾಗೆ ನೊರೆ ಇನ್ನೂ ಕೂತಿತ್ತು. ಗಲಾಟೆಗೆ ಎದ್ದ ದೋನ್ ಗೊನ್ಸಾಲೊ ಬೆಂಚು ಹಿಡಿದು, ಗೋಡೆ ಹಿಡಿದು ಬಂದು, ಕೊನೆಗೆ ಮೊಣಕಾಲೂರಿ ಕೂತು ಪೆನ್ನು ಅದ್ದಿ ಅಳೆದರು.

"ಅದ್ಭುತ!" ಎಂದರು ನೆಲದಿಂದಲೇ. "ಇದಕ್ಕೆ ಎಂಟು ಕೊಡಲೇಬೇಕು. ನಾನು ಪಟ್ಟಿ ತಿದ್ದುತ್ತೇನೆ."

ನಲವತ್ತಾರು! ಅಕ್ಕ ನನ್ನ ಕೈ ಹಿಸುಕಿದಳು.

"ಏಯ್ ಲೀಮಾ," ಎಂದಳು ಅಜ್ಜಿ. "ಮೇಲೇಳಪ್ಪ. ಅದು ಭೂತಾಯಿಗೆ ಕೊಟ್ಟಿದ್ದು. ಕೊಟ್ಟಿದ್ದನ್ನ ಅಳೆದು, ಅಂಕ ಹಾಕಿ ವಾಪಸ್ ತಗೊಳ್ತೀಯಾ?"

"ಮೊದಲ ತೊಟ್ಟು ತಾನೇ ಭೂತಾಯಿದು?" ಅಕ್ಕ ನುಗ್ಗಿದಳು. "ಆಮೇಲೆ ಕೊಡವಿದ್ದು ಬರೀ ಅಭ್ಯಾಸ ಅಜ್ಜಿ, ಪೂಜೆ ಅಲ್ಲ!"

"ಹಾಗಾದ್ರೆ ಯಾವುದು ಅವಳದು, ಯಾವುದು ಪುರಸಭೇದು, ಬೇರೆ ಮಾಡಿ ತೋರಿಸು. ಒಂದರ ಮೇಲೊಂದು ಬಿದ್ದಿದೆ."

ದೋನ್ ಗೊನ್ಸಾಲೊ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪಾಪ, ಈ ಲೆಕ್ಕ ಯಾವ ಪುಸ್ತಕದಲ್ಲೂ ಇಲ್ಲವೆಂಬಂತೆ ತಲೆಯಾಡಿಸಿದರು. ಇನ್ನೊಮ್ಮೆ ರುಚಿ ನೋಡೋಣವೆಂದರೆ ಬಾಟಲಿ ಖಾಲಿ. ಲೀಮಾದವರು ಪೆನ್ನು ಒರೆಸಿ ಜೇಬಿಗೆ ಹಾಕಿಕೊಂಡು, ಭೂತಾಯಿಯ ಜೊತೆ ಜಗಳ ತಮ್ಮ ಅಧಿಕಾರದ ವ್ಯಾಪ್ತಿಗೆ ಬರುವುದಿಲ್ಲ ಎಂದುಬಿಟ್ಟರು. ಮೂವತ್ತೆಂಟು ಮೂವತ್ತೆಂಟಾಗಿಯೇ ಉಳಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಅಕ್ಕ ಅಜ್ಜಿಯ ಜೊತೆ ಮಾತಾಡಲಿಲ್ಲ. ಅಜ್ಜಿ ಮಾತ್ರ ಎದುರಿಗೆ ಸಿಕ್ಕವರಿಗೆಲ್ಲ ನಿಂತು ಹೇಳುತ್ತಿದ್ದಳು: "ನಮ್ಮ ಹುಡುಗಿಗೆ ಮೊದಲನೇ ಬಹುಮಾನ. ಮೇಷ್ಟ್ರು ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ, ಬೇಕಾದ್ರೆ ಕೇಳಿ." ಅವರು ಕೈಕುಲುಕಲು ಬಂದರೆ ಅಕ್ಕ ಕೈಯನ್ನೇ ಕೊಡಲಿಲ್ಲ.

ಮನೆ ಸೇರಿದವಳೇ ಅಕ್ಕ ಹಂಡೆಯಿಂದ ಕೊಳವೆ ಕೀಳತೊಡಗಿದಳು. ಅಜ್ಜಿ ಅಡುಗೆಮನೆಯಲ್ಲಿ ಬಗ್ಗಿ, ಒಲೆಯ ಪಕ್ಕದಿಂದ ಒಂದು ಗಿನಿಹಂದಿಯನ್ನು ಎತ್ತಿದಳು. ಮಗುಚಿ ಹೊಟ್ಟೆ ನೋಡಿದಳು, ಕೆಳಗೆ ಬಿಟ್ಟಳು. ಇನ್ನೊಂದನ್ನು ಎತ್ತಿ ನೋಡಿ ಕಂಕುಳಲ್ಲಿಟ್ಟುಕೊಂಡಳು. ಬಹಳ ಹೊತ್ತು ಹುಡುಕಿ ಮತ್ತೊಂದನ್ನು ಆರಿಸಿದಳು. ಎರಡನ್ನೂ ತಂದು ಹಿತ್ತಲ ಕೋಣೆಯ ಮೂಲೆಯಲ್ಲಿ ಇಳಿಸಿದಳು.

"ಆ ಕೊಳವೆ ಯಾಕೆ ಕೀಳ್ತಿದ್ದೀಯೇ?"

"ಸೋತೆನಲ್ಲ. ನಿನ್ನ ಹಂದಿಗಳು ಒಳಗೆ, ನನ್ನ ಹಂಡೆಗಳು ಹೊರಗೆ."

"ಎಷ್ಟು ಕಡಿಮೆ ಬಂತು?"

"ಎರಡು."

"ಅದಕ್ಕೇ ಎರಡೇ ಹಂದಿ ಒಳಗೆ ಬಂದಿವೆ ನೋಡು." ಅಜ್ಜಿ ಲಂಗ ಕೊಡವಿಕೊಂಡಳು. "ಮಿಕ್ಕವು ಅಡುಗೆಮನೇಲೇ ಇರ್ತವೆ. ಮಾತು ಅಂದ್ರೆ ಮಾತು."

ಅಕ್ಕ ಕೊಳವೆ ಹಿಡಿದೇ ಅವುಗಳ ಹತ್ತಿರ ಕುಕ್ಕರುಗಾಲಲ್ಲಿ ಕೂತಳು. ಒಂದನ್ನು ಎತ್ತಿ ನೋಡಿದಳು. ಇನ್ನೊಂದನ್ನೂ ನೋಡಿದಳು. ಅವಳ ಹುಬ್ಬು ಮೇಲೇರಿತು.

"ಅಜ್ಜೀ! ಇದು ಗಂಡು, ಇದು ಹೆಣ್ಣು!"

"ಹೌದಾ?" ಎಂದಳು ಅಜ್ಜಿ ಬಾಗಿಲಲ್ಲಿ ನಿಂತು. "ನನಗೆ ಕಣ್ಣು ಸರಿಯಾಗಿ ಕಾಣಲ್ಲ ಕಣೆ. ಎರಡು ತಿಂಗಳು ಆರಾಮಾಗಿ ಮಾಡ್ಕೋ ನಿನ್ನ ಬಿಯರನ್ನ. ಆಮೇಲೆ ಮರಿ ಲೆಕ್ಕ ಹಾಕೋಣ."

ಅಕ್ಕ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಒಂದು ಪಂಜರ ತಗೊಂಡು ಬಾರೇ," ಎಂದಳು. "ಅಲ್ಲ, ಎರಡು ತಾ. ಬೇರೆ ಬೇರೆ."