ಕೊನೆಯ ಪುಟದಿಂದ ಶುರು

ಭಾನುವಾರದ ಪುರವಣಿ ಬಿಡಿಸಿದೊಡನೆ ನನಗೆ ಮೈಯೆಲ್ಲ ಉರಿದುಹೋಯಿತು. ಪುಸ್ತಕ ವಿಮರ್ಶೆಯ ಕೆಳಗೆ ನನ್ನ ಹೆಸರಿತ್ತು, ಅದರ ಮೇಲಿನ ಒಂದು ಸಾಲೂ ನನ್ನದಲ್ಲ. ತಲೆಬುಡವಿಲ್ಲದ ಕಥೆಯಂತೆ. ಸತ್ತ ಹುಡುಗ ಎದ್ದು ಬರುತ್ತಾನಂತೆ. ತಾನು ಏನು ಬರೆಯುತ್ತಿದ್ದೇನೆಂದು ಅನುವಾದಕಿಗೇ ತಿಳಿದಿಲ್ಲವಂತೆ.

ಅದೊಂದು ಜಪಾನಿ ಮಾಂಗಾ, ಚಿತ್ರಗಳಲ್ಲಿ ಹೇಳಿದ ಕಾದಂಬರಿ. ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಾಗಿ ಬರುವ ಊರಿನ ಕಥೆ. ಮಗನನ್ನು ಕಳೆದುಕೊಂಡ ತಾಯಿ ಸಂಕಟ ತಾಳಲಾರದೆ ಅವನನ್ನೇ ಮರೆಯುತ್ತಾಳೆ. ಎದುರು ಬೀದಿಯ ಬೀಗ ರಿಪೇರಿಯವನು ಎಂದೂ ನೋಡದ ಆ ಹುಡುಗನಿಗಾಗಿ ಅಳತೊಡಗುತ್ತಾನೆ. ಮಗುವಿನ ಮೇಲೆ ಲಾರಿ ಹರಿಸಿದವನೂ ಮರೆಯುತ್ತಾನೆ, ಅವನ ನೆನಪು ತಾಯಿಯ ತಲೆಗೇ ಬಂದು ಕೂರುತ್ತದೆ. ತಾನೇ ಕೊಂದೆನೆಂದು ನಂಬಿ ಆಕೆ ಜೈಲು ಸೇರುತ್ತಾಳೆ. ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಹಾಗೆಂದೇ ಬರೆದು ಕೊಟ್ಟಿದ್ದೆ. ನಮ್ಮ ಪುರವಣಿ ಒಳ್ಳೆಯ ಮಾತಾಡಿದರೆ ಮಾತ್ರ ಎರಡನೇ ಭಾಗ ಎಂದು ಪ್ರಕಾಶಕರು ಅನುವಾದಕಿಗೆ ಹೇಳಿದ್ದರು, ಅದೂ ನನಗೆ ಗೊತ್ತಿತ್ತು.

ಸೋಮವಾರ ಸಂಪಾದಕರ ಕೋಣೆಗೆ ನುಗ್ಗಿದೆ. ಅವರು ಆರಾಮಾಗಿ ಚಹಾ ಹೀರುತ್ತಿದ್ದರು.

"ನಾನೂ ಓದಿದೆ ಕಣಮ್ಮ. ಹೊಗಳೋಕೆ ಏನಿದೆ ಅದರಲ್ಲಿ? ಮೊದಲನೇ ಪುಟದಲ್ಲೇ ಆ ಹೆಂಗಸು ಜೈಲಲ್ಲಿ ಕೂತಿರ್ತಾಳೆ."

"ಅದು ಕೊನೇ ಪುಟ ಸಾರ್. ಮಾಂಗಾನ ಬಲಗಡೆಯಿಂದ ಓದಬೇಕು. 'ನಿಲ್ಲಿ, ಪುಸ್ತಕ ತಿರುಗಿಸಿ' ಅಂತ ಅಲ್ಲೇ ದಪ್ಪಕ್ಷರದಲ್ಲಿ ಹಾಕಿದಾರಲ್ಲ."

"ಜಾಹೀರಾತು ಅಂದ್ಕೊಂಡೆ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮಹಾನುಭಾವರು ಇಡೀ ಪುಸ್ತಕವನ್ನು ಹಿಂದುಮುಂದಾಗಿ ಓದಿ, ಬೈಗುಳವನ್ನು ನನ್ನ ಹೆಸರಿಗೆ ಅಂಟಿಸಿದ್ದರು.

"ತಪ್ಪಾಯ್ತು ಅಂತ ಮುಂದಿನ ವಾರ ಹಾಕಿ," ಎಂದೆ.

"ನಮ್ಮ ಓದುಗರೂ ಎಡದಿಂದಲೇ ಓದೋದು. ಅವರ ಪರವಾಗಿ ನಾನು ಓದಿದೆ ಅಂದ್ಕೊಳ್ಳಿ, ಮುಗೀತು."

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ಅನುವಾದಕಿ. ಬೈದಿದ್ದರೆ ಚೆನ್ನಾಗಿತ್ತು, ಆಕೆ ಬೈಯಲಿಲ್ಲ.

"ಎರಡನೇ ಭಾಗ ಬೇಡ ಅಂದ್ರು ಮೇಡಂ. ನಿಮ್ಮಂಥೋರಿಗೂ ಅರ್ಥ ಆಗೋ ಹಾಗೆ ಮಾಡೋಕೆ ನನ್ನ ಕೈಲಿ ಆಗ್ಲಿಲ್ಲ. ಕ್ಷಮಿಸಿ."

ಕ್ಷಮೆ ಕೇಳಬೇಕಾದವರು ನನ್ನೆದುರು ಚಹಾ ಕುಡಿಯುತ್ತಿದ್ದರು. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು.

"ಒಂದ್ನಿಮಿಷ ಇರಿ, ಇಲ್ಲೊಬ್ಬರು ನಿಮ್ಮ ಹತ್ರ ಮಾತಾಡ್ಬೇಕು," ಎಂದು ಫೋನನ್ನು ಸಂಪಾದಕರ ಕೈಗೆ ತುರುಕಿದೆ.

ಅವರು ಗಂಟಲು ಸರಿಮಾಡಿಕೊಂಡರು.

"ನಮ್ಮ ವಿಮರ್ಶಕಿ ಮಾತು ಸ್ವಲ್ಪ ಖಾರ, ಮನಸ್ಸಿಗೆ ಹಚ್ಕೋಬೇಡಿ ತಾಯಿ," ಎಂದರು, ಬೆಣ್ಣೆಯಂಥ ದನಿಯಲ್ಲಿ. "ಏನ್ಮಾಡೋದು, ಅವರು ಬರೆದದ್ದನ್ನ ನಾವು ಮುಟ್ಟೋ ಹಾಗಿಲ್ಲ."