ಮಾತಬರ್ ಸಿಂಗ್ ಬೆಟ್ಟ ಇಳಿದ ಕಥೆ

ಯಾತ್ರೆಯ ದಿನಗಳು ಬಂದವೆಂದರೆ ಬಾಂಸ್ಯಾರಿ ಊರಿಗೆ ಒಂದು ತಾಪತ್ರಯ ತಪ್ಪಿದ್ದಲ್ಲ. ಜೈಕಾರ ಹಾಕುತ್ತ ನಂದಾದೇವಿಯ ಗುಡಿಗೆ ಹತ್ತಿಹೋದವರಲ್ಲಿ ಒಬ್ಬರೋ ಇಬ್ಬರೋ ಇನ್ನೊಬ್ಬರ ಬೆನ್ನ ಮೇಲೆ ವಾಪಸಾಗುತ್ತಾರೆ. ಮುಖ ಬಿಳಿಚಿರುತ್ತದೆ, ಹೊಟ್ಟೆಯಲ್ಲಿದ್ದದ್ದೆಲ್ಲ ದಾರಿಯಲ್ಲೇ ಹೋಗಿರುತ್ತದೆ. ಊರವರು ನೋಡಿ, ಪಾಪ, ವಿಷದ ಗಾಳಿ ಬಡಿದಿದೆ ಅನ್ನುತ್ತಾರೆ. ಮೇಲಿನ ಹುಲ್ಲುಗಾವಲಿನಲ್ಲಿ ಅರಳುವ ಹೂಗಳ ವಾಸನೆ ತಲೆಗೇರಿ ಹೀಗಾಗುತ್ತದೆ ಎಂಬುದು ಅಲ್ಲಿಯ ಹಳೆಯ ನಂಬಿಕೆ. ಅದೂ ಬಯಲುಸೀಮೆಯಿಂದ ಬಂದವರಿಗೆ ಮಾತ್ರ. ಬೆಟ್ಟದ ಮಕ್ಕಳಿಗೆ ಏನೂ ಆಗುವುದಿಲ್ಲವಂತೆ.

ಈ ಮಾತನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವನು ಮಾತಬರ್ ಸಿಂಗ್ ಫರ್ಸ್ವಾಣ. ಅವನಜ್ಜ, ಅವನಪ್ಪ, ಈಗ ಅವನು, ಮೂವರೂ ಯಾತ್ರಿಗಳಿಗೆ ದಾರಿ ತೋರಿಸಿಕೊಂಡೇ ಬದುಕಿದವರು. ತಮ್ಮ ಕೈಹಿಡಿದು ಹೊರಟ ಯಾರೂ ದರ್ಶನವಿಲ್ಲದೆ ಹಿಂದಿರುಗಿಲ್ಲ ಎಂಬುದು ಆ ಮನೆಯ ಹೆಮ್ಮೆ. ಸುಸ್ತಾದವರನ್ನು ಹೊತ್ತಾದರೂ ಗುಡಿ ಮುಟ್ಟಿಸುತ್ತಿದ್ದರು. ಹೆಮ್ಮೆ ಪಡುವಂಥದ್ದೇ, ಇಲ್ಲವೆನ್ನುವುದಿಲ್ಲ. ಆದರೆ ಆ ಹೆಮ್ಮೆಯೇ ಒಮ್ಮೆ ಅವನ ಪ್ರಾಣಕ್ಕೆ ಎರವಾಗಲಿತ್ತು, ಕೇಳಿ.

ನಂದೆ ಆ ಊರಿಗೆ ದೇವರಿಗಿಂತ ಮೊದಲು ಮಗಳು. ಶಿವನ ಕೈಹಿಡಿದು ಮೇಲಿನ ಚಳಿಯಲ್ಲಿ ಸಂಸಾರ ಮಾಡುತ್ತಿದ್ದಾಳೆ, ಪಾಪದ ಹುಡುಗಿ. ಹಾಗಾಗಿ ಪ್ರತಿ ವರ್ಷ ಮೊದಲ ಯಾತ್ರೆಯಲ್ಲಿ ಅವಳಿಗೆ ಕಲ್ಯೋ ಹೋಗುತ್ತದೆ. ಕಲ್ಯೋ ಅಂದರೆ ತವರಿನ ಬುತ್ತಿ: ಅಕ್ಕಿ ಬೆಲ್ಲದ ಅರ್ಸೆ, ಗೋಧಿಯ ರೋಟ್, ಎಳೆ ಸೌತೆಕಾಯಿ, ಒಂದು ಜೊತೆ ಬಳೆ. ಆ ಬುಟ್ಟಿಯನ್ನು ಬೆನ್ನಿಗೆ ಕಟ್ಟಿ ಹೊರುವ ಗೌರವ ಫರ್ಸ್ವಾಣ ಮನೆಯದು. ಒಮ್ಮೆ ಹೊತ್ತು ಹೊರಟವನು ಗುಡಿ ಮುಟ್ಟುವವರೆಗೆ ತಿರುಗಿ ಇಳಿಯಬಾರದು ಎಂದು ಹಿಂದಿನಿಂದ ನಡೆದುಬಂದ ಮಾತು.

ಆ ವರ್ಷ ಮಾತಬರ್ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ದೇಹರಾದೂನಿನಲ್ಲಿ ಮಗಳ ಮನೆಯಲ್ಲಿದ್ದ. ಚಳಿಗಾಲವೆಲ್ಲ ಕಳೆದು, ಬೇಸಿಗೆಯೂ ಮುಗಿದು, ಯಾತ್ರೆ ನಾಳೆ ಎನ್ನುವಾಗ ಬಸ್ಸಿಳಿದ. ಅಂಗಳದಲ್ಲಿ ಅವನ ಅತ್ತಿಗೆ ಸತೇಶ್ವರಿ ಅರ್ಸೆ ಕರಿಯುತ್ತ ಕುಳಿತಿದ್ದಳು. ಆಕೆ ಊರಿನ ಆಶಾ ಕಾರ್ಯಕರ್ತೆ. ಮನೆ ಮನೆಗೆ ಹೋಗಿ ಬಸುರಿ ಬಾಣಂತಿಯರನ್ನು ನೋಡುವವಳು, ಮೈದುನನನ್ನು ಕೀಟಲೆ ಮಾಡದೆ ಬಿಡದವಳು.

“ಬನ್ನಿ ದೇಹರಾದೂನ್ ಸಾಹೇಬ್ರೇ,” ಅಂದಳು. “ಎರಡು ದಿನ ಊರಲ್ಲಿದ್ದು ಆಮೇಲೆ ಹತ್ತೋದಲ್ವಾ? ಬುಟ್ಟಿ ಎರಡು ದಿನ ಕಾಯುತ್ತೆ.”

“ನಾನೇನು ಟೂರಿಸ್ಟಾ ಅತ್ತಿಗೆ? ಈ ಬೆಟ್ಟದಲ್ಲೇ ಹುಟ್ಟಿದೋನು.”

“ಹುಟ್ಟಿದ್ದು ಇಲ್ಲೇ ಕಣಪ್ಪಾ. ಇಷ್ಟು ತಿಂಗಳು ಫ್ಯಾನಿನ ಕೆಳಗೆ ಮಲಗಿದ್ದೆಲ್ಲಿ? ಎತ್ತರ ನಿನ್ನ ಜಾತಕ ಕೇಳಲ್ಲ.”

ಆಕೆ ಬಾಣಲೆಯಿಂದ ಕಣ್ಣು ತೆಗೆಯದೆ ಬಿಡಿಸಿ ಹೇಳಿದಳು. ಹೂವಿನ ವಾಸನೆಯೂ ಅಲ್ಲ, ವಿಷವೂ ಅಲ್ಲ. ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಒಂದು ಉಸಿರಿಗೆ ಸಿಗಬೇಕಾದ್ದು ಸಿಗುವುದಿಲ್ಲ. ದೇಹ ಅದಕ್ಕೆ ಮೆಲ್ಲಗೆ ಒಗ್ಗಿಕೊಳ್ಳುತ್ತದೆ. ಕೆಳಗೆ ಹೋಗಿ ತಿಂಗಳುಗಟ್ಟಲೆ ಕುಳಿತರೆ ಆ ಒಗ್ಗಿಕೆ ಮರೆತೂ ಹೋಗುತ್ತದೆ. ಆಗ ಪೈಲ್ವಾನನೂ ಒಂದೇ, ಬಾಣಂತಿಯೂ ಒಂದೇ, ಬೆಟ್ಟದವನೂ ಒಂದೇ. ಮಾತಬರ್ ಬಿಸಿ ಅರ್ಸೆಯೊಂದನ್ನು ಬಾಯಿಗೆ ಹಾಕಿಕೊಂಡ, ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ತಮಾಷೆಯೆಂದರೆ, ಇಂದೋರಿನಿಂದ ಬಂದ ಯಾತ್ರಿಗಳಿಗೆ ಊರಿನಲ್ಲಿ ಎರಡು ದಿನ ತಂಗಿ ಸುಧಾರಿಸಿಕೊಳ್ಳಿ ಎಂದು ಫೋನಿನಲ್ಲಿ ಹೇಳಿದವನು ಅವನೇ. ಅವರು ಹಾಗೇ ಮಾಡಿದ್ದರು.

ಮರುದಿನ ಎಲ್ಲರೂ ಹೊರಟರು. ಮುಂದೆ ಬುಟ್ಟಿ ಹೊತ್ತ ಮಾತಬರ್, ನಡುವೆ ಯಾತ್ರಿಗಳು ಮತ್ತು ಸತೇಶ್ವರಿ, ಕೊನೆಯಲ್ಲಿ ಇನ್ನೊಬ್ಬ ಗೈಡ್ ಕಲಂ ಸಿಂಗ್. ಈ ಕಲಂ ಸಿಂಗನ ಮೇಲೆ ಮಾತಬರನಿಗೆ ಒಂದು ಸಸಾರ. ಹಿಂದಿನ ವರ್ಷ ಗುಡಿಯ ಗಂಟೆ ಕಿವಿಗೆ ಬೀಳುವ ಜಾಗದಿಂದ ಅವನೊಬ್ಬ ವಯಸ್ಸಾದ ಯಾತ್ರಿಯನ್ನು ಇಳಿಸಿಕೊಂಡು ಬಂದಿದ್ದ. ಕುಳಿತಲ್ಲೇ ಏದುಸಿರು ಬರುತ್ತಿತ್ತು ಎಂಬುದು ಅವನ ಕಾರಣ. ಗಂಟೆ ಬಾರಿಸಿದ್ದು ಗುಡಿಯಲ್ಲಿ, ಇವನಿಗೆ ನೆನಪಾಗಿದ್ದು ಮನೆಯ ಚಹಾ ಎಂದು ಮಾತಬರ್ ಊರಲ್ಲಿದ್ದಷ್ಟು ದಿನವೂ ಚಹಾದಂಗಡಿಯಲ್ಲಿ ಆಡಿಕೊಂಡಿದ್ದ. ಕಲಂ ಸಿಂಗ್ ಮಾತ್ರ ಒಂದು ದಿನವೂ ಎದುರುತ್ತರ ಕೊಟ್ಟವನಲ್ಲ.

ಮೊದಲ ರಾತ್ರಿ ಕಾಡಿನ ತಂಗುದಾಣದಲ್ಲಿ ಸುಖವಾಗಿ ಕಳೆಯಿತು. ಎರಡನೆಯ ದಿನ ಮರಗಳು ಮುಗಿದು ಹುಲ್ಲುಗಾವಲು ಶುರುವಾದಾಗ ಮಾತಬರನ ಹಣೆಯ ಎರಡೂ ಬದಿ ಮಿಡಿಯತೊಡಗಿತು. ಸಂಜೆ ಅಲ್ಲಿನ ಯಾತ್ರಿಗಳ ಗುಡಿಸಲಿನಲ್ಲಿ ಎಲ್ಲರೂ ಖಿಚಡಿ ಉಣ್ಣುತ್ತಿದ್ದರೆ ಅವನಿಗೆ ವಾಸನೆಗೇ ಹೊಟ್ಟೆ ತೊಳಸಿತು. ಹಸಿವಿಲ್ಲ ಅಂದ. ಒಂದು ನೋವಿನ ಮಾತ್ರೆಯನ್ನು ಕದ್ದು ನುಂಗಿದ, ಮೇಲೆ ನಾಲ್ಕು ಖಾರದ ತಿಮೂರ್ ಕಾಳು ಜಗಿದ. ವಿಷದ ಗಾಳಿಗೆ ಅಜ್ಜನ ಕಾಲದಿಂದ ಅದೇ ಮದ್ದು. ನಿದ್ದೆ ಹತ್ತಿರ ಸುಳಿಯಲಿಲ್ಲ. ಸತೇಶ್ವರಿ ತಲೆ ನೋಯುತ್ತಾ ಎಂದು ಕೇಳಿದಾಗ ಕಣ್ಣಿಗೆ ಹೊಗೆ ಹೋಯಿತು ಎಂದು ಸುಳ್ಳು ಹೇಳಿದ. ಊರಿಗೆ ಊರೇ ತನ್ನನ್ನು ಬೆಟ್ಟದ ಹುಲಿ ಎನ್ನುವಾಗ ತಲೆನೋವು ಎಂದು ಯಾವ ಬಾಯಿಂದ ಹೇಳುವುದು?

ಬೆಳಿಗ್ಗೆ ಬುಟ್ಟಿಯ ಹಗ್ಗ ಕಟ್ಟಲು ಕುಳಿತರೆ ಬೆರಳುಗಳು ಗಂಟು ಮರೆತಿದ್ದವು. ಹೇಗೋ ಸುತ್ತಿಕೊಂಡು ಎದ್ದ. ಮಂಜು ಕವಿದಿತ್ತು. ತಲೆ ಈಗ ನೋಯುವುದಲ್ಲ, ಸಿಡಿಯುತ್ತಿತ್ತು. ಕಾಲಿಟ್ಟಲ್ಲಿ ನೆಲ ಒಂದಿಷ್ಟು ಕೆಳಗಿರುವಂತೆ ಅನ್ನಿಸುತ್ತಿತ್ತು. ಗುಡ್ಡದ ಅಂಚಿನಲ್ಲಿ ದಾರಿ ಕವಲಾಗುವ ಕಡೆ ಅವನು ಎಡಕ್ಕೆ ತಿರುಗಿದ. ಯಾತ್ರಿಗಳು ನಂಬಿಕೆಯಿಂದ ಅವನ ಹಿಂದೆ ತಿರುಗಿದರು.

“ಅಣ್ಣಾ, ನಿಂತ್ಕೋ,” ಎಂದು ಹಿಂದಿನಿಂದ ಕಲಂ ಸಿಂಗ್ ಕೂಗಿದ. “ಅದು ಕುರಿ ದಾರಿ. ಮುಂದೆ ಪ್ರಪಾತ.”

ಮಾತಬರನಿಗೆ ಮೈಯೆಲ್ಲ ಉರಿಯಿತು. ಕಣ್ಣು ಕಟ್ಟಿ ಬಿಟ್ಟರೂ ಗುಡಿಗೆ ಹೋಗಬಲ್ಲವನಿಗೆ ಈ ಕಲಂ ಸಿಂಗ್ ದಾರಿ ಹೇಳುವುದೇ? ಏನೋ ಬೈಯಲು ಹೋದ, ಮಾತು ನಾಲಿಗೆಯ ಮೇಲೆ ತೊದಲಿತು. ಅವನ ಕಣ್ಣಿಗೆ ಎಡಗಡೆಯೇ ಸರಿಯಾದ ದಾರಿಯಾಗಿ ಕಾಣುತ್ತಿತ್ತು. ಅಷ್ಟರಲ್ಲಿ ಮಂಜು ಸ್ವಲ್ಪ ಸರಿಯಿತು. ಹತ್ತಾರು ಹೆಜ್ಜೆ ಮುಂದೆ ನೆಲವೇ ಇರಲಿಲ್ಲ. ಅವನ ಬೆನ್ನ ಹಿಂದೆಯೇ ನಿಂತಿದ್ದ ಯಾತ್ರಿ ಹೆಂಗಸೊಬ್ಬಳು ಕಲ್ಲು ಹಿಡಿದುಕೊಂಡು ಕುಸಿದು ಕೂತಳು.

ಸತೇಶ್ವರಿ ಎಲ್ಲರನ್ನೂ ಒಬ್ಬೊಬ್ಬರಾಗಿ ಕವಲಿಗೆ ಹಿಂದೆ ಕರೆಸಿದಳು. ಆಮೇಲೆ ಮೈದುನನನ್ನು ಒಂದು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಕೋಲಿನಿಂದ ನೆಲದ ಮೇಲೆ ಗೆರೆ ಎಳೆದಳು. ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತ ಗೆರೆಯ ಮೇಲೆ ನಡೆ ಅಂದಳು. ಮಕ್ಕಳಾಟ ಎಂದು ಮೂಗು ಮುರಿದು ಅವನು ನಡೆದ. ಮೂರನೆಯ ಹೆಜ್ಜೆಗೆ ಕುಡಿದವನಂತೆ ವಾಲಿ ಕಲಂ ಸಿಂಗನ ತೋಳಿಗೆ ಬಿದ್ದ.

ಸತೇಶ್ವರಿ ಅವನೆದುರು ಕುಕ್ಕರುಗಾಲಿನಲ್ಲಿ ಕುಳಿತಳು. ಕೀಟಲೆಯೆಲ್ಲ ಆಕೆಯ ಮುಖದಿಂದ ಹೋಗಿತ್ತು.

“ಇದು ತಲೆಗೆ ಹೋಗಿದೆ ಮಾತಬರ್. ಇಲ್ಲೇ ಕೂತರೂ ಕಡಿಮೆ ಆಗಲ್ಲ, ಮೇಲೆ ಹೋದ್ರೆ ಸಂಜೆಗೆ ನೀನಿರಲ್ಲ. ಈಗಲೇ ಇಳೀಬೇಕು.”

ಸಾಯುವುದು ಸುಲಭ ಅನ್ನಿಸಿತು ಅವನಿಗೆ. ನಂದೆಯ ಬುಟ್ಟಿ ಹೊತ್ತು ಸತ್ತ ಅಂದರೆ ಊರು ಕೈ ಮುಗಿಯುತ್ತದೆ. ತಿರುಗಿ ಇಳಿದ ಅಂದರೆ ನಗುತ್ತದೆ. ಅಪ್ಪ ಇಳಿದಿರಲಿಲ್ಲ, ಅಜ್ಜ ಇಳಿದಿರಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು.

“ಕಲ್ಯೋ ಹೊತ್ತಿದೀನಿ ಅತ್ತಿಗೆ. ಹುಡುಗಿ ಕಾಯ್ತಿರ್ತಾಳೆ. ಬೆನ್ನು ತಿರುಗಿಸಿ ಹ್ಯಾಗೆ ಇಳೀಲಿ?”

“ನಿನ್ನ ತಂಗೀನ ಕಣಿವೆ ಆಚೆ ಕೊಟ್ಟಿದೀವಲ್ಲ, ಅವಳಿಗೆ ಪ್ರತಿ ವರ್ಷ ನೀನೇ ಹೋಗಿ ಬುತ್ತಿ ಕೊಟ್ಟಿದೀಯಾ?”

ಇಲ್ಲ ಎಂದು ಅವನು ತಲೆಯಾಡಿಸಿದ. ಆ ಕಡೆ ಹೋಗುವವರು ಯಾರಿದ್ದರೂ ಅವರ ಕೈಯಲ್ಲಿ ಕಳಿಸುವುದು ಊರಿನ ರೂಢಿ.

“ಬೇರೆಯವರ ಕೈಲಿ ಬಂತು ಅಂತ ಅವಳು ಒಂದು ದಿನ ತಿನ್ನದೆ ಬಿಟ್ಟಿದಾಳಾ? ಅಣ್ಣನಿಗೆ ಹುಷಾರಿಲ್ಲ ಅಂತ ಗೊತ್ತಾದ್ರೆ ಬುತ್ತಿ ಯಾಕೆ ತರಲಿಲ್ಲ ಅಂತ ಕೇಳ್ತಾಳೋ, ಅಣ್ಣ ಹ್ಯಾಗಿದಾನೆ ಅಂತ ಕೇಳ್ತಾಳೋ? ನಂದೆ ನಿನ್ನ ತಂಗಿಗಿಂತ ಕಲ್ಲು ಮನಸ್ಸಿನವಳು ಅನ್ಕೊಂಡ್ಯಾ?”

ಇಷ್ಟು ವರ್ಷ ಮಗಳು ಮಗಳು ಎಂದು ಹಾಡಿದವನು, ಅವಳಿಗೆ ಮಗಳ ಮನಸ್ಸಿರುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಅವನು ಎದೆಯ ಮೇಲಿನ ಹಗ್ಗಕ್ಕೆ ಕೈ ಹಾಕಿದ, ಬಿಚ್ಚಲಾಗಲಿಲ್ಲ. ಕಲಂ ಸಿಂಗ್ ಬಂದು ಬಿಚ್ಚಿದ. ಬುಟ್ಟಿಯನ್ನು ಹಣೆಗೆ ಮುಟ್ಟಿಸಿ ತನ್ನ ಬೆನ್ನಿಗೆ ಏರಿಸಿಕೊಂಡ. ಆಡಿಕೊಳ್ಳಲು ಅದಕ್ಕಿಂತ ಒಳ್ಳೆಯ ಸಮಯ ಅವನಿಗೆ ಸಿಗುತ್ತಿರಲಿಲ್ಲ.

“ಅಣ್ಣಾ, ಆ ಹಿರಿಯರನ್ನ ಇಳಿಸಿಕೊಂಡು ಬಂದಾಗ ನನಗೂ ನಾಚಿಕೆ ಆಗಿತ್ತು,” ಅಂದ ಕಲಂ ಸಿಂಗ್. “ದೀಪಾವಳಿಗೆ ಅವರೇ ಫೋನ್ ಮಾಡಿದ್ರು. ಮೊಮ್ಮಗನ ಕೈಲೂ ಮಾತಾಡಿಸಿದ್ರು. ಅವತ್ತೇ ನಾಚಿಕೆ ಹೋಯ್ತು.”

ಅವನು ಯಾತ್ರಿಗಳನ್ನು ಕರೆದುಕೊಂಡು ಬಲಗಡೆಯ ದಾರಿ ಹಿಡಿದ. ಸತೇಶ್ವರಿ ತನ್ನ ನಡುವಿಗೆ ಸುತ್ತಿದ್ದ ಉದ್ದನೆಯ ಬಟ್ಟೆಯ ಪಟ್ಟಿ ಬಿಚ್ಚಿ ಮೈದುನನ ಸೊಂಟಕ್ಕೆ ಕಟ್ಟಿ, ಹಿಂದಿನಿಂದ ಹಿಡಿದುಕೊಂಡು ಇಳಿಸಿದಳು. ಹಿಂದಿನ ರಾತ್ರಿ ತಂಗಿದ್ದ ಗುಡಿಸಲಿನಲ್ಲಿ ಸಾಮಾನು ಸಾಗಿಸುವ ಹೇಸರಗತ್ತೆಯವನೊಬ್ಬನನ್ನು ಎಬ್ಬಿಸಿ ಜೊತೆಗೆ ಕರೆದುಕೊಂಡಳು. ಮಾತಬರ್ ಮಲಗಿಬಿಡುತ್ತೇನೆ ಎಂದು ಹಟ ಹಿಡಿದರೆ ಬೈದಳು, ಕೂತರೆ ಎಬ್ಬಿಸಿದಳು. ಅರ್ಧ ಬೆಟ್ಟ ಇಳಿದು ಕಾಡಿನ ಮರಗಳು ಸಿಕ್ಕ ಮೇಲೆ, ಯಾರೋ ತಲೆಗೆ ಬಿಗಿದ ಪಟ್ಟಿಯನ್ನು ಸಡಿಲಿಸಿದಂತಾಯಿತು. ತಂಗುದಾಣ ತಲುಪಿದಾಗ ಮಾತಬರ್ ತಾನಾಗಿ ಕೇಳಿದ, ರೊಟ್ಟಿ ಇದೆಯಾ ಎಂದು. ಅಷ್ಟು ಹೊತ್ತು ಗಟ್ಟಿಯಾಗಿದ್ದ ಸತೇಶ್ವರಿ ಆ ಒಂದು ಮಾತಿಗೆ ಗೋಡೆಗೆ ಒರಗಿ ಅತ್ತುಬಿಟ್ಟಳು. ಅಲ್ಲಿಂದ ಅವನನ್ನು ನೇರವಾಗಿ ಕೆಳಗಿನ ಆಸ್ಪತ್ರೆಗೆ ಕರೆದೊಯ್ದಳು. ಇನ್ನಷ್ಟು ತಡವಾಗಿದ್ದರೆ ನಮ್ಮಿಂದಲೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಯಾತ್ರಿಗಳು ದರ್ಶನ ಮುಗಿಸಿ ಸುಖವಾಗಿ ಇಳಿದರು. ಕಲಂ ಸಿಂಗ್ ಪ್ರಸಾದ ತಂದುಕೊಟ್ಟ. ಮಾತಬರ್ ಊರಿಗೆ ಮರಳಿದ ದಿನ ಚಹಾದಂಗಡಿಯಲ್ಲಿ ಯಾರೋ ಕೊಂಕು ತೆಗೆದರು, ಫರ್ಸ್ವಾಣ ಮನೆಯವರೂ ಅರ್ಧದಿಂದ ತಿರುಗುವ ಕಾಲ ಬಂತು ನೋಡಿ ಎಂದು. ಮಾತಬರ್ ತಲೆ ತಗ್ಗಿಸುತ್ತಾನೆ ಎಂದುಕೊಂಡಿದ್ದರು. ಅವನು ಎದ್ದು ನಿಂತ.

“ಹೌದು, ಇಳಿದೆ. ನಾನು ದಾರಿ ತಪ್ಪಿಸಿದೆ, ಕಲಂ ಸಿಂಗ್ ಕಾಪಾಡಿದ. ಅವತ್ತು ನನ್ನ ಜೊತೆ ಹೊರಟ ಒಬ್ಬರ ಮನೇಲೂ ಅಳು ಕೇಳಲಿಲ್ಲ. ಇನ್ನು ಮೇಲೆ ನಮ್ಮ ಮನೆ ಹೆಮ್ಮೆ ಇದು. ಎಷ್ಟು ಜನರನ್ನ ಹತ್ತಿಸಿದ್ವಿ ಅನ್ನೋದಲ್ಲ, ಎಲ್ಲರನ್ನೂ ಮನೆ ಮುಟ್ಟಿಸಿದ್ವಿ ಅನ್ನೋದು.”

ಅಂಗಡಿಯಲ್ಲಿ ಕಲಂ ಸಿಂಗನೂ ಇದ್ದ. ಅಷ್ಟು ದಿನ ಸುಮ್ಮನೆ ಕೇಳಿಸಿಕೊಂಡವನು ಅವತ್ತು ಮೊದಲ ಬಾರಿಗೆ ಎದೆ ಸೆಟೆಸಿ ಕುಳಿತು ಚಹಾ ಕುಡಿದ. ಈಗ ಬಾಂಸ್ಯಾರಿಯಲ್ಲಿ ಬೆಟ್ಟ ಹತ್ತುವ ಮೊದಲು ಎಲ್ಲರೂ ಊರಿನಲ್ಲಿ ತಂಗಲೇಬೇಕು, ದೂರದ ಊರಿಂದ ಬಂದ ಊರಿನ ಮಕ್ಕಳೂ ಸೇರಿ. ಈ ಕಟ್ಟುಪಾಡು ತಂದದ್ದು ಸತೇಶ್ವರಿಯ ಮಹಿಳಾ ಮಂಡಳ, ಕಾಯುವುದು ಮಾತಬರ್.

ಪುಣ್ಯಕ್ಷೇತ್ರಕ್ಕೆ ಹೊರಟ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಇದೇ ಮಾತು. ಎತ್ತರಕ್ಕೆ ಒಂದೇ ಓಟಕ್ಕೆ ಹತ್ತಬೇಡಿ. ನಡುನಡುವೆ ತಂಗಿ, ದೇಹ ಒಗ್ಗಿಕೊಳ್ಳಲಿ. ತಲೆ ನೋವು, ವಾಕರಿಕೆ, ನಿದ್ದೆಗೇಡು ಬಂದರೆ ಮುಚ್ಚಿಡಬೇಡಿ, ಪಕ್ಕದವರಿಗೆ ಬಾಯಿ ಬಿಟ್ಟು ಹೇಳಿ. ಮಾತ್ರೆ ನುಂಗಿ ನೋವು ಅಡಗಿಸಿಕೊಂಡು ಮೇಲೆ ಹೋಗಬೇಡಿ. ಅದು ಪೂರ್ತಿ ಕಡಿಮೆಯಾಗುವವರೆಗೆ ಅಲ್ಲೇ ನಿಲ್ಲಿ. ನಡಿಗೆ ತೂರಾಡಿದರೆ, ಮಾತು ತೊದಲಿದರೆ, ಕೂತಲ್ಲೇ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ಜೊತೆಗೊಬ್ಬರನ್ನು ಕರೆದುಕೊಂಡು ಆಗಲೇ ಇಳಿಯಿರಿ, ಡಾಕ್ಟರಿಗೆ ತೋರಿಸಿ. ಹರಕೆಯನ್ನು ಇನ್ನೊಬ್ಬರ ಕೈಯಲ್ಲಿ ಕಳಿಸಬಹುದು, ಪ್ರಾಣವನ್ನು ಇನ್ನೊಬ್ಬರ ಕೈಯಲ್ಲಿ ತರಿಸಿಕೊಳ್ಳಲಾಗುವುದಿಲ್ಲ. ದೇವಿ ಮುಂದಿನ ವರ್ಷವೂ ಅಲ್ಲೇ ಇರುತ್ತಾಳೆ. ನೀವೂ ಇರಬೇಕು.